ಆಟ, ಕೋಲ, ಕಂಬಳ ನೋಡಬೇಕಾ? ಹೊರಡುವ ಮುಂಚೆ ಕರಾವಳಿಯ ಕ್ಯಾಲೆಂಡರ್ ನೋಡಿ

ಬೆಂಗಳೂರಿನಿಂದ ಕರಾವಳಿಗೆ ಹೋಗುವವರು ಸಾಮಾನ್ಯವಾಗಿ ಮೂರು ದಿನ ರಜೆ ಒಟ್ಟಿಗೆ ಸಿಕ್ಕಾಗ ಹೊರಡುತ್ತಾರೆ. ಮಲ್ಪೆ ಬೀಚು, ಕೃಷ್ಣಮಠ, ಒಂದು ಮೀನೂಟ, ವಾಪಸ್. ಅದೂ ಚೆನ್ನಾಗಿಯೇ ಇರುತ್ತದೆ. ಆದರೆ ಯಕ್ಷಗಾನ, ದೈವಾರಾಧನೆಯ ಕೋಲ, ಕೆಸರುಗದ್ದೆಯ ಕೋಣಗಳ ಓಟವಾದ ಕಂಬಳ ನೋಡುವ ಆಸೆ ಇದ್ದರೆ ಆಫೀಸಿನ ರಜಾಪಟ್ಟಿ ಇಟ್ಟುಕೊಂಡು ಟಿಕೆಟ್ ಬುಕ್ ಮಾಡಬೇಡಿ. ಅಲ್ಲಿನ ತಿಂಗಳು ಯಾವುದು ನಡೀತಿದೆ ಅಂತ ಮೊದಲು ನೋಡಿ.

ನಮಗೆ ವರ್ಷ ಶುರುವಾಗುವುದು ಯುಗಾದಿಗೆ. ತುಳುನಾಡಿನವರಿಗೆ ಏಪ್ರಿಲ್ 14–15ರ ಸುಮಾರಿಗೆ ಬರುವ ಬಿಸುವಿಗೆ. ಅವರದು ಸೂರ್ಯನ ಲೆಕ್ಕ. ಸಂಕ್ರಮಣದಿಂದ ಸಂಕ್ರಮಣಕ್ಕೆ ಒಂದು ತಿಂಗಳು: ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ, ಹೀಗೆ ಹನ್ನೆರಡು. ಇದರಲ್ಲಿ ಪ್ರವಾಸಿಗರು ನೆನಪಿಡಬೇಕಾದ ದಿನ ಒಂದೇ. ಬೇಶದ ಹತ್ತನೇ ದಿನ ಬರುವ ಪತ್ತನಾಜೆ, ಅಂದರೆ ಮೇ 24ರ ಆಸುಪಾಸು. ಅವತ್ತು ಮೇಳದವರು, ಅಂದರೆ ಯಕ್ಷಗಾನ ತಂಡದವರು, ಗೆಜ್ಜೆ ಬಿಚ್ಚುತ್ತಾರೆ, ಕೋಲ ನೇಮಗಳೂ ನಿಲ್ಲುತ್ತವೆ. ಮತ್ತೆ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ನವೆಂಬರ್ ಕೊನೆಯಿಂದ ಮೇ ನಡುವಿನ ತನಕ ಅಲ್ಲಿ ಒಂದು ರಾತ್ರಿಯೂ ಖಾಲಿ ಇರುವುದಿಲ್ಲ. ಅದರಲ್ಲೂ ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ ಹೋಗುವುದು ಒಳ್ಳೇದು. ಮಾರ್ಚ್ ಬಂತೆಂದರೆ ಸೆಖೆ ಶುರು. ನಮ್ಮ ಬೆಂಗಳೂರಿನ ಮೈಗೆ ಅದು ಆಗಿಬರುವುದಿಲ್ಲ.

ಈ ಲೆಕ್ಕ ಗೊತ್ತಿಲ್ಲದೆ ಹಬ್ಬಕ್ಕೆ ಅಂತ ಹೋದರೂ ಕಷ್ಟ. 2025ರಲ್ಲಿ ಬೆಂಗಳೂರಿನಲ್ಲಿ ಕೃಷ್ಣಾಷ್ಟಮಿ ಆಗಸ್ಟ್ 16ಕ್ಕೆ ಮುಗಿದಿತ್ತು. ಉಡುಪಿಯಲ್ಲಿ ನಡೆದದ್ದು ಸೆಪ್ಟೆಂಬರ್ 14ಕ್ಕೆ. ಅಲ್ಲಿ ಸೂರ್ಯ ಸಿಂಹ ರಾಶಿಯಲ್ಲಿರುವ ಸಿಂಹ ಮಾಸದ ಅಷ್ಟಮಿ ಲೆಕ್ಕ. ಮಾರನೇ ದಿನ ವಿಟ್ಲಪಿಂಡಿ. ರಥಬೀದಿಯಲ್ಲಿ ಮೊಸರು ಕುಡಿಕೆ ಒಡೆಯುತ್ತಾರೆ, ತಾಸೆ ವಾದ್ಯದ ಸದ್ದಿಗೆ ಹುಲಿವೇಷದವರು ಕುಣಿಯುತ್ತಾರೆ. ಮಳೆಗಾಲದಲ್ಲಿ ಹೋಗಲೇಬೇಕೆಂದರೆ ನನ್ನ ಮತ ಇದಕ್ಕೇ. ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ನೋಡುವವರಿಗೆ ಈ ಗೊಂದಲ ಇಲ್ಲ: ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದಲ್ಲಿ, ಜನವರಿ 18ರ ಬೆಳಗಿನ ಜಾವ. ಆದರೆ ರೂಮು ತಿಂಗಳುಗಳ ಮುಂಚೆ ಮಾಡಿಕೊಳ್ಳಿ. ಅಷ್ಟು ಜನಜಂಗುಳಿ ನಿಮಗೆ ಆಗಿಬರದಿದ್ದರೆ ಮಕರ ಸಂಕ್ರಾಂತಿಯ ರಾತ್ರಿ ಹೋಗಿ. ಅವತ್ತು ರಥಬೀದಿಯಲ್ಲಿ ಮೂರು ತೇರು ಎಳೆಯುತ್ತಾರೆ.

ಹೋಗುವ ದಾರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಂಗಳೂರು ಸುಮಾರು 350 ಕಿ.ಮೀ., ಉಡುಪಿ 400. ರಾತ್ರಿ ಸ್ಲೀಪರ್ ಬಸ್ಸು ಬೇಕಾದಷ್ಟಿವೆ. ಉಡುಪಿ, ಕುಂದಾಪುರಕ್ಕಾದರೆ ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಅನುಕೂಲ, ಆದರೆ ಟಿಕೆಟ್ ಬೇಗ ಖಾಲಿಯಾಗುತ್ತದೆ. ಹಗಲು ರೈಲಿನಲ್ಲಿ ಹೋದರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ 57 ಸುರಂಗಗಳು. ಮಕ್ಕಳಿದ್ದರೆ ಎಣಿಸಲು ಬಿಡಿ, ನಿಮಗೆ ಸ್ವಲ್ಪ ಹೊತ್ತು ನಿದ್ದೆ ಸಿಗುತ್ತದೆ. ಮಳೆಗಾಲದಲ್ಲಿ ಸ್ವಂತ ಕಾರಿನಲ್ಲಿ ಹೊರಡುವವರು ಶಿರಾಡಿ ಘಾಟಿ ತೆರೆದಿದೆಯಾ ಅಂತ ಅವತ್ತೇ ವಿಚಾರಿಸಬೇಕು. ಗುಡ್ಡ ಯಾವಾಗ ಕುಸಿಯುತ್ತದೆ ಅಂತ ಹೇಳಲಾಗದು. ಅಲ್ಲಿಗೆ ಹೋದ ಮೇಲೆ ಊರಿಂದೂರಿಗೆ ಖಾಸಗಿ ಬಸ್ಸುಗಳೇ ಸಾಕು. ಹಿಂದೆ ಮುಂದೆ ಬರುತ್ತಲೇ ಇರುತ್ತವೆ.

ಈಗ ಆಟದ ವಿಷಯ. ಯಕ್ಷಗಾನವನ್ನು ಅಲ್ಲಿ ಎಲ್ಲರೂ ಆಟ ಅಂತಲೇ ಕರೆಯುವುದು. ಎಲ್ಲಿ ನಡೆಯುತ್ತದೆ ಅಂತ ತಿಳಿಯಲು ಕರಾವಳಿ ಆವೃತ್ತಿಯ ಪತ್ರಿಕೆ ತೆಗೆದರೆ ಸಾಕು. ಯಾವ ಮೇಳ ಇವತ್ತು ಯಾವ ಊರಿನಲ್ಲಿ ಅಂತ ಪಟ್ಟಿ ಇರುತ್ತದೆ. ಇನ್ನೊಂದು ಸುಲಭದ ದಾರಿ ನಮ್ಮ ಬೆಂಗಳೂರಿನಲ್ಲೇ ಇದೆ. ಇಲ್ಲಿನ ಎಷ್ಟೋ ದರ್ಶಿನಿಗಳ ಮಾಲೀಕರು ಕುಂದಾಪುರ, ಬೈಂದೂರು ಕಡೆಯವರು. ಕಾಫಿ ಕುಡಿದು ಕ್ಯಾಶ್ ಕೌಂಟರಿನಲ್ಲಿ "ಊರಲ್ಲಿ ಈ ವಾರ ಆಟ ಉಂಟಾ?" ಅಂತ ಕೇಳಿ ನೋಡಿ. ನಮ್ಮ ಮನೆ ಹತ್ತಿರದ ಹೋಟೆಲಿನ ಭಟ್ಟರು ಚಿಲ್ಲರೆ ಕೊಡುವುದನ್ನು ಬಿಟ್ಟು ಯಾವ ಪ್ರಸಂಗ (ಕಥೆ), ಹಾಡುವ ಭಾಗವತರು ಯಾರು, ಯಾರ ವೇಷ ಎಲ್ಲ ಹೇಳಿದರು. ಹಿಂದೆ ಕ್ಯೂನಲ್ಲಿದ್ದವರು ಗೊಣಗಿದರು, ಇರಲಿ.

ಧರ್ಮಸ್ಥಳ, ಕಟೀಲು, ಮಂದಾರ್ತಿ ಮೇಳಗಳದ್ದು ಹರಕೆ ಆಟ. ಯಾರೋ ಹರಕೆ ಹೊತ್ತು ಆಡಿಸುತ್ತಾರೆ, ಟಿಕೆಟ್ ಇಲ್ಲ, ಹೆಚ್ಚಿನ ಕಡೆ ಬಂದವರಿಗೆಲ್ಲ ಊಟವೂ ಇರುತ್ತದೆ. ಕಟೀಲಿನ ಆಟಕ್ಕೆ ಹರಕೆ ಹೊತ್ತವರು ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಸಾಲಿಗ್ರಾಮ, ಪೆರ್ಡೂರು ಮೇಳಗಳದ್ದು ಟೆಂಟ್ ಆಟ, ಟಿಕೆಟ್ ತೆಗೆಯಬೇಕು. ಮಂಗಳೂರು, ಕಾಸರಗೋಡು ಕಡೆ ತೆಂಕು ತಿಟ್ಟು (ತಿಟ್ಟು ಅಂದರೆ ಶೈಲಿ), ಉಡುಪಿಯಿಂದ ಉತ್ತರಕ್ಕೆ ಬಡಗು. ಮೊದಲ ಸಲ ನೋಡುವವರಿಗೆ ನಾನು ತೆಂಕಿನ 'ದೇವಿ ಮಹಾತ್ಮೆ' ಹೇಳುತ್ತೇನೆ. ಕಥೆ ಗೊತ್ತಿರುತ್ತದೆ, ಮಾತು ಅರ್ಥವಾಗದಿದ್ದರೂ ನಡೆಯುತ್ತದೆ. ಮಹಿಷಾಸುರ ರಂಗಸ್ಥಳದಿಂದ ಬರುವುದಿಲ್ಲ, ಪ್ರೇಕ್ಷಕರ ಹಿಂದಿನಿಂದ ದೊಂದಿ ಹಿಡಿದು, ರಾಳ ಎರಚಿ ಬೆಂಕಿ ಹಾರಿಸುತ್ತಾ ಬರುತ್ತಾನೆ. ಚಿಕ್ಕ ಮಕ್ಕಳನ್ನು ನಡುವಿನ ದಾರಿಯ ಪಕ್ಕ ಕೂರಿಸಬೇಡಿ. ದೊಡ್ಡವರೇ ಕುರ್ಚಿ ಬಿಟ್ಟು ಎದ್ದದ್ದನ್ನು ನೋಡಿದ್ದೇನೆ.

ಮಾತಿನ ರುಚಿ ಬೇಕಾದವರು ಬಡಗು ನೋಡಲಿ. ಸಂಭಾಷಣೆ ಬರೆದಿಟ್ಟದ್ದಲ್ಲ, ಭಾಗವತರ ಪದ್ಯ ಕೇಳಿ ಅಲ್ಲೇ ಹುಟ್ಟಿಸುವುದು. ಕೃಷ್ಣನೂ ಕೌರವನೂ ವಾದಕ್ಕೆ ನಿಂತರೆ ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ. ಈಗ ಬಹಳ ಮೇಳಗಳು ಕಾಲಮಿತಿಗೆ ಬಂದಿವೆ. ಸಂಜೆ ಶುರುವಾಗಿ ನಡುರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಬೆಳಗಿನ ತನಕ ಕೂತು ನೋಡಿದ ಹಳಬರಿಗೆ ಇದು ಬೇಸರ. ನಮ್ಮಂಥವರಿಗೆ ಅನುಕೂಲವೇ ಸರಿ. ಆದರೆ ನಡುರಾತ್ರಿ ಹಳ್ಳಿಯ ಗದ್ದೆಯಲ್ಲಿ ಆಟೋ ಸಿಗುವುದಿಲ್ಲ. ವಾಪಸ್ ಬರುವ ಗಾಡಿಯನ್ನು ಮೊದಲೇ ಮಾತಾಡಿಕೊಳ್ಳಿ. ಡಿಸೆಂಬರ್‌ನಲ್ಲಾದರೆ ಒಂದು ಶಾಲು ಇರಲಿ, ಇಬ್ಬನಿ ಬೀಳುತ್ತದೆ.

ಸಾಧ್ಯವಾದರೆ ಒಂದೆರಡು ಗಂಟೆ ಮುಂಚೆ ಹೋಗಿ ಚೌಕಿ ನೋಡಿ. ಚೌಕಿ ಅಂದರೆ ವೇಷ ಕಟ್ಟುವ ಜಾಗ. ಅಲ್ಲಿ ಗಣಪತಿ ಪೂಜೆ ಆಗುತ್ತದೆ, ಹಾಗಾಗಿ ಚಪ್ಪಲಿ ಹೊರಗೆ. ರಾಕ್ಷಸ ಪಾತ್ರ ಮಾಡುವ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡುತ್ತಾ ಗಂಟೆಗಟ್ಟಲೆ ಕೂತಿರುತ್ತಾರೆ. ಸುಮ್ನೆ ನಿಂತು ನೋಡಿ. ಮಾತಾಡಿಸಬೇಡಿ, ಪೆಟ್ಟಿಗೆಗಳ ಮೇಲೆ ಕೂರಬೇಡಿ, ಫೋಟೊ ಬೇಕಿದ್ದರೆ ಕೇಳಿ ತೆಗೆಯಿರಿ.

ಕೋಲದ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಆಟ ಕಲೆ, ಕೋಲ ಆರಾಧನೆ. ಪಂಜುರ್ಲಿ, ಜುಮಾದಿ, ಗುಳಿಗ, ಕಲ್ಲುರ್ಟಿ ಇವೆಲ್ಲ ಆ ಮನೆಯ, ಆ ಊರಿನ ದೈವಗಳು. ಪರವ, ಪಂಬದ, ನಲಿಕೆ ಸಮುದಾಯದವರು ತಲೆಮಾರುಗಳಿಂದ ಇದನ್ನು ಕಟ್ಟಿಕೊಂಡು ಬಂದಿದ್ದಾರೆ. ದೈವದ ಕಥೆ ಹೇಳುವ ಪಾಡ್ದನ ಹಾಡುವುದರಿಂದ ಶುರುವಾಗಿ, ಸೊಂಟಕ್ಕೆ ತೆಂಗಿನ ಎಳೆಗರಿಯ ಸಿರಿ, ಬೆನ್ನಿಗೆ ದೊಡ್ಡ ಅಲಂಕಾರದ ಅಣಿ, ಕಾಲಿಗೆ ಗಗ್ಗರದ ಕಡಗ ಏರುವ ಹೊತ್ತಿಗೆ ರಾತ್ರಿ ಬಹಳ ಆಗಿರುತ್ತದೆ. ಸಿನಿಮಾ ನೋಡಿ ಬಂದ ಹುಡುಗರು ಮೊಬೈಲ್ ಎತ್ತಿಕೊಂಡು ಮುಂದೆ ನುಗ್ಗುವುದು, ದೈವದ ಕೂಗನ್ನು ಅಣಕಿಸುವುದು ಈಗ ಜಾಸ್ತಿಯಾಗಿದೆ. ಊರಿನವರಿಗೆ ಇದು ಬಹಳ ನೋವಿನ ವಿಷಯ. ಚಿತ್ರ ತೆಗೆಯಬೇಡಿ ಅಂದರೆ ಮೊಬೈಲ್ ಜೇಬಿಗೆ ಹಾಕಿ. ಪರಿಚಯದವರ ಮೂಲಕ ಹೋಗುವುದೇ ಒಳ್ಳೇದು. ದೈವ ತುಳುವಿನಲ್ಲಿ ನುಡಿ ಕೊಡುತ್ತದೆ. ಜಮೀನು ಜಗಳ, ಅಣ್ಣತಮ್ಮಂದಿರ ಮುನಿಸು ಎಲ್ಲ ಅಲ್ಲಿ ಮಾತಿಗೆ ಬರುತ್ತದೆ. ಪಕ್ಕದಲ್ಲಿ ಕೂತವರು ಯಾರಾದರೂ ಕನ್ನಡದಲ್ಲಿ ಹೇಳುತ್ತಾ ಹೋದರೆ ನಿಮ್ಮ ಪುಣ್ಯ.

ಈ ಊರುಗಳಲ್ಲಿ ಜ್ಯೋತಿಷ್ಯ ಬರೀ ಮದುವೆ ಜಾತಕಕ್ಕೆ ನಿಲ್ಲುವುದಿಲ್ಲ. ದೇವಸ್ಥಾನಕ್ಕೆ ಏನಾದರೂ ತೊಂದರೆ ಕಂಡರೆ ಅಷ್ಟಮಂಗಲ ಪ್ರಶ್ನೆ ಇಡುತ್ತಾರೆ. ಕವಡೆ ಎಣಿಸಿ, ರಾಶಿ ಹಿಡಿದು ದಿನಗಟ್ಟಲೆ ನಡೆಯುತ್ತದೆ. ತಾಂಬೂಲ ಪ್ರಶ್ನೆಯಲ್ಲಾದರೆ ಕೇಳುವವರು ತಂದ ವೀಳ್ಯದೆಲೆಯನ್ನೇ ನೋಡಿ ಹೇಳುತ್ತಾರೆ. ಎಲೆ ಹರಿದಿದೆಯಾ, ಬಾಡಿದೆಯಾ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನನಗೆ ಗ್ರಹಗಳ ಮೇಲೆ ಅಷ್ಟು ನಂಬಿಕೆ ಇಲ್ಲ. ಆದರೂ ಇಡೀ ಊರು ಒಂದು ಚಪ್ಪರದಡಿ ಕೂತು ಹಳೆಯ ತಕರಾರುಗಳನ್ನು ಬಾಯಿಬಿಟ್ಟು ಮಾತಾಡುವುದು ನೋಡಲು ಸಿಕ್ಕರೆ ಬಿಡಬೇಡಿ, ಹಿಂದೆ ಕೂತು ಕೇಳಿ. ಬೆಂಗಳೂರಿನ ಜ್ಯೋತಿಷಿ ಸರ್ಪದೋಷ ಅಂತ ಬರೆದುಕೊಟ್ಟು ಕುಕ್ಕೆಗೆ ಹೋಗುವವರಿಗೆ ಮಾತ್ರ ಒಂದು ಮಾತು. ಸರ್ಪಸಂಸ್ಕಾರಕ್ಕೆ ಎರಡು ದಿನ ಬೇಕು, ಮೊದಲೇ ಬುಕ್ ಆಗಿರಬೇಕು. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ "ಬೇಗ ಮಾಡಿಸಿಕೊಡ್ತೇನೆ" ಅಂತ ಹಿಂದೆ ಬಿದ್ದರೆ ನಿಲ್ಲಬೇಡಿ. ದೇವಸ್ಥಾನದ ಕೌಂಟರಿನಲ್ಲಿ ರಶೀದಿ ತೆಗೆದುಕೊಳ್ಳಿ.

ಕಂಬಳ ಹೆಚ್ಚಾಗಿ ವಾರದ ಕೊನೆಗೇ ಬರುತ್ತದೆ, ನಮಗೆ ಅದೊಂದು ಅನುಕೂಲ. ಬೆಳಿಗ್ಗೆ ಶುರುವಾದದ್ದು ಮಾರನೇ ದಿನದ ತನಕ ಹೋಗುತ್ತದೆ. ಫೈನಲ್ ರಾತ್ರಿ ಕಳೆದ ಮೇಲೆಯೇ. ಓಟಕ್ಕಿಂತ ನನಗೆ ಕನೆಹಲಗೆ ಇಷ್ಟ. ಹಲಗೆಯ ಮೇಲೆ ನಿಂತವನು ಕೋಣ ಓಡಿಸಿದಾಗ ಕೆಸರುನೀರು ಚಿಮ್ಮಿ ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು. 2023ರ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕಂಬಳ ಆಯಿತು, ಜನಸಾಗರ. ಆದರೆ ಊರ ಗದ್ದೆಯಲ್ಲಿ ಕರೆಯ (ಕೋಣ ಓಡುವ ಕೆಸರಿನ ಓಣಿಯ) ಅಂಚಿನಲ್ಲೇ ನಿಂತು ನೋಡುವ ಸುಖ ಅಲ್ಲಿರಲಿಲ್ಲ. ಬಿಳಿ ಬಟ್ಟೆ ಮಾತ್ರ ಹಾಕಿಕೊಂಡು ಹೋಗಬೇಡಿ.

ಊಟಕ್ಕೆ ಚಿಂತೆ ಇಲ್ಲ. ಬೆಳಿಗ್ಗೆ ಬನ್ಸ್, ನೀರ್ ದೋಸೆ, ಸಂಜೆ ಗೋಳಿಬಜೆ, ಆಟದ ಗದ್ದೆಯಲ್ಲಿ ಚರ್ಮುರಿ. ಜೂನ್, ಜುಲೈಯಲ್ಲಿ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಆಗ ತಾಜಾ ಅಂಜಲ್ ಮೀನು ಬೇಕು ಅಂತ ಹಟ ಮಾಡಬೇಡಿ. ಸೇಂಟ್ ಮೇರಿಸ್ ದ್ವೀಪದ ಬೋಟೂ ಮಳೆಗಾಲದಲ್ಲಿ ಇರುವುದಿಲ್ಲ.

ಪತ್ತನಾಜೆ ದಾಟಿ ಹೋಯಿತು, ಈ ವರ್ಷ ಹೋಗಲಾಗಲಿಲ್ಲ ಅನ್ನುವವರು ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ ಮೇಲೆ ಕಣ್ಣಿಡಿ. ಮಳೆಗಾಲದಲ್ಲಿ ಟೆಂಟ್ ಮೇಳಗಳು ಬೆಂಗಳೂರಿಗೆ ಬಂದು ಆಡುತ್ತವೆ. ಪೋಸ್ಟರ್ ಬೇಕಿದ್ದರೆ ಮತ್ತೆ ದರ್ಶಿನಿಯ ಗೋಡೆಯನ್ನೇ ನೋಡಿ. ಟಿಕೆಟ್ ಎಷ್ಟೋ ಸಲ ಅಲ್ಲೇ ಸಿಗುತ್ತದೆ.