ಶಾಸನ ಗ್ರಂಥಸೂಚಿ: ಖಾಲಿ ಫೀಲ್ಡ್‌ಗಳನ್ನು ಹುಡುಕುವ ಕೆಲಸ

ಹೊಯ್ಸಳರ ಕಾಲದ ಶಾಸನಗಳ ಬಗ್ಗೆ ಬಂದ ಪುಸ್ತಕ, ಲೇಖನಗಳ ಪಟ್ಟಿಯನ್ನು ಜಾಬ್‌ರೆಫ್ ಎಂಬ ಗ್ರಂಥಸೂಚಿ ತಂತ್ರಾಂಶದಲ್ಲಿ ಕಟ್ಟುತ್ತಿದ್ದೇನೆ. ಸದ್ಯಕ್ಕೆ ಹೊಸ ಎಂಟ್ರಿ ಸೇರಿಸುವುದನ್ನು ನಿಲ್ಲಿಸಿ, ಇರುವುದನ್ನು ಒಪ್ಪ ಮಾಡಲು ಕೂತಿದ್ದೇನೆ. ಎಂಟ್ರಿಗಳು ಬಂದದ್ದೇ ಬೇರೆ ಬೇರೆ ಕಡೆಯಿಂದ. ಕೆಲವು ಲೈಬ್ರರಿ ಕ್ಯಾಟಲಾಗ್‌ನಿಂದ ಇಳಿಸಿದ್ದು, ಕೆಲವು ಗೆಳೆಯರ ವರ್ಡ್ ಫೈಲ್‌ಗಳಿಂದ, ಉಳಿದವು ಪುಸ್ತಕ ಎದುರಿಗಿಟ್ಟುಕೊಂಡು ಟೈಪ್ ಮಾಡಿದ್ದು. ಹೀಗಾಗಿ ಪಟ್ಟಿಯಲ್ಲಿ ಬಿ. ಎಲ್. ರೈಸ್, ಲೂಯಿಸ್ ರೈಸ್, ಬೆಂಜಮಿನ್ ಲೂಯಿಸ್ ರೈಸ್ ಎಂದು ಮೂವರಿದ್ದಾರೆ. ಮೂವರೂ ಶಾಸನ ಸಂಪುಟಗಳನ್ನು ಸಂಪಾದಿಸಿದ ಒಬ್ಬರೇ ಮನುಷ್ಯ!

ಮೊದಲು ‘ಕ್ವಾಲಿಟಿ’ ಮೆನುವಿನ ‘ಚೆಕ್ ಇಂಟೆಗ್ರಿಟಿ’ ಒತ್ತಿದೆ. ದೂರುಗಳ ಉದ್ದ ಪಟ್ಟಿಯೇ ಬಂತು. ಅದರಲ್ಲಿ ಬಹುಪಾಲು ದೂರು ಒಂದೇ: ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿಗಳ ಹಳೆಯ ಸಂಕೇತ ಪಟ್ಟಿ) ಅಲ್ಲದ ಅಕ್ಷರ ಇದೆ ಅಂತ. ಅಂದರೆ ಕನ್ನಡದಲ್ಲಿರುವ ಪ್ರತಿ ಹೆಸರೂ, ಪ್ರತಿ ಶೀರ್ಷಿಕೆಯೂ ತಪ್ಪು! ಫೈಲ್ ಬಿಬ್‌ಟೆಕ್ ಎಂಬ ಹಳೆಯ ಗ್ರಂಥಸೂಚಿ ರೂಪದ ಮೋಡ್‌ನಲ್ಲಿದ್ದರೆ ಹೀಗೇ ಆಗುತ್ತದೆ. ಲೈಬ್ರರಿ ಪ್ರಾಪರ್ಟೀಸ್‌ನಲ್ಲಿ ಅದರ ಹೊಸ ರೂಪವಾದ ಬಿಬ್‌ಲೇಟೆಕ್‌ಗೆ ಬದಲಿಸಿದ ಮೇಲೆ ಆ ಗದ್ದಲ ನಿಂತಿತು. ಕನ್ನಡದ ಪಟ್ಟಿ ಮಾಡುವವರು ಮೊದಲ ದಿನವೇ ಇದನ್ನು ಮಾಡಿಕೊಳ್ಳುವುದು ಒಳ್ಳೆಯದು. ಆಮೇಲೆ ‘ಕ್ಲೀನಪ್ ಎಂಟ್ರೀಸ್’ನಲ್ಲಿ ಬಿಬ್‌ಲೇಟೆಕ್ ರೂಪಕ್ಕೆ ಬದಲಿಸುವ ಆಯ್ಕೆ ಕೊಟ್ಟು ಓಡಿಸಿದರೆ ಇಸವಿಯ ಫೀಲ್ಡ್ ‘ಡೇಟ್’ ಆಗಿ, ಪತ್ರಿಕೆಯ ಫೀಲ್ಡ್ ‘ಜರ್ನಲ್‌ಟೈಟಲ್’ ಆಗಿ ತಾನಾಗಿಯೇ ಬದಲಾಗುತ್ತವೆ. ಓಡಿಸುವ ಮೊದಲು ಫೈಲಿನ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ, ಅಷ್ಟೇ.

ಗದ್ದಲ ನಿಂತ ಮೇಲೆ ಉಳಿದವು ನಿಜವಾದ ದೂರುಗಳು. ಇಸವಿಯಲ್ಲಿ ಎರಡು ಬಗೆಯ ತಕರಾರು. ಒಂದು, ‘೧೯೨೩’ ಎಂದು ಕನ್ನಡ ಅಂಕಿಯಲ್ಲಿ ತುಂಬಿದವು. ತಂತ್ರಾಂಶಕ್ಕೆ ಅದು ಅಂಕಿಯೇ ಅಲ್ಲ. ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಮುಗಿಯಿತು. ಎರಡನೆಯದು ಸ್ವಲ್ಪ ಮಜವಾಗಿದೆ. ಹಳೆಯ ಮುದ್ರಣಗಳಲ್ಲಿ ಶಕ ವರ್ಷ, ಸಂವತ್ಸರದ ಹೆಸರು ಮಾತ್ರ ಇರುವುದುಂಟು. ಶಕ 1824, ಶುಭಕೃತ್ ಸಂವತ್ಸರ ಅಂದರೆ 78 ಸೇರಿಸಿ 1902. ಆದರೆ ಸಂವತ್ಸರ ಶುರುವಾಗುವುದು ಯುಗಾದಿಗೆ, ಜನವರಿಗಲ್ಲ. ಮಾಘದಲ್ಲಿ ಅಚ್ಚಾಗಿದ್ದರೆ ಅದು 1903. ತಿಂಗಳು ಗೊತ್ತಿಲ್ಲದ ಕಡೆ ಡೇಟ್ ಫೀಲ್ಡ್‌ನಲ್ಲಿ ‘1902/1903’ ಎಂದೇ ಹಾಕಿದೆ. ಬಿಬ್‌ಲೇಟೆಕ್ ಇದನ್ನು ಒಪ್ಪುತ್ತದೆ. ಮೂಲದಲ್ಲಿ ಇದ್ದದ್ದನ್ನು ನೋಟ್ ಫೀಲ್ಡ್‌ನಲ್ಲಿ ಹಾಗೇ ಬರೆದಿಟ್ಟೆ.

ಇಂಟೆಗ್ರಿಟಿ ಚೆಕ್ ಹೆಚ್ಚಾಗಿ ನೋಡುವುದು ತುಂಬಿರುವ ಫೀಲ್ಡ್‌ಗಳ ರೂಪವನ್ನು. ಏನು ಇಲ್ಲ ಅಂತ ತಿಳಿಯಲು ಬಿಬ್‌ಲೇಟೆಕ್‌ನ ಜೊತೆಗಾರ ತಂತ್ರಾಂಶ ಬೈಬರ್ ಬಳಸಿದೆ. ಅದನ್ನು ಟೂಲ್ ಮೋಡ್‌ನಲ್ಲಿ, ಡೇಟಾಮಾಡೆಲ್ (ಯಾವ ಬಗೆಯ ಎಂಟ್ರಿಗೆ ಯಾವ ಫೀಲ್ಡ್ ಬೇಕು ಎಂಬ ನಿಯಮಗಳು) ಪರೀಕ್ಷಿಸುವ ಆಯ್ಕೆ ಕೊಟ್ಟು ಓಡಿಸಿದರೆ ಯಾವ ಎಂಟ್ರಿಯಲ್ಲಿ ಯಾವ ಕಡ್ಡಾಯ ಫೀಲ್ಡ್ ಇಲ್ಲ ಎಂದು ಸಾಲು ಸಾಲಾಗಿ ಹೇಳುತ್ತದೆ. ಲೇಖಕರಿಲ್ಲ ಎಂಬ ದೂರು ಜಾಸ್ತಿ ಬಂದದ್ದು ಶಾಸನ ಸಂಪುಟಗಳ ಮೇಲೆ. ಅವುಗಳಿಗೆ ಲೇಖಕರು ಎಲ್ಲಿಂದ ಬರಬೇಕು? ಸಂಪಾದಕರು ಮಾತ್ರ ಇರುತ್ತಾರೆ. ಇಲ್ಲಿ ತುಂಬಬೇಕಾದ್ದು ಏನೂ ಇರಲಿಲ್ಲ, ಎಂಟ್ರಿಯ ಬಗೆ ತಪ್ಪಾಗಿತ್ತು. ‘ಬುಕ್’ ತೆಗೆದು ‘ಕಲೆಕ್ಷನ್’ ಮಾಡಿದೆ, ಸರಿಹೋಯಿತು. ಸುಮ್ನೆ ದೂರು ಅಡಗಿಸಲು ಸಂಪಾದಕರ ಹೆಸರನ್ನು ಲೇಖಕರ ಫೀಲ್ಡ್‌ಗೆ ತುಂಬುವವರಿದ್ದಾರೆ. ದಯವಿಟ್ಟು ಬೇಡ.

ಹೆಸರುಗಳಲ್ಲಿ ಇನ್ನೊಂದು ತೊಡಕು. ‘ಎಂ. ಗೋವಿಂದ ಪೈ’ ಎಂದು ಬರೆದರೆ ತಂತ್ರಾಂಶ ‘ಪೈ’ಯನ್ನು ಮಾತ್ರ ಕೊನೆಯ ಹೆಸರು ಎಂದುಕೊಂಡು ‘ಪ’ ಸಾಲಿನಲ್ಲಿ ಕೂರಿಸುತ್ತದೆ. ‘ಗೋವಿಂದ ಪೈ, ಎಂ.’ ಎಂದು ಅಲ್ಪವಿರಾಮ ಹಾಕಿದರೆ ‘ಗ’ಕ್ಕೆ ಬರುತ್ತದೆ. ಇಬ್ಬರು ಲೇಖಕರಿದ್ದಾಗ ನಡುವೆ ಇಂಗ್ಲಿಷಿನ ‘ಅಂಡ್’ ಇರಲೇಬೇಕು. ‘ಮತ್ತು’ ಹಾಕಿದರೆ ಇಬ್ಬರೂ ಸೇರಿ ಒಬ್ಬರಾಗುತ್ತಾರೆ, ಯಾವ ಎಚ್ಚರಿಕೆಯೂ ಬರುವುದಿಲ್ಲ.

ಈಗ ತಲೆ ತಿನ್ನುವ ಭಾಗ, ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಪುಟಗಳ ಮಾಲೆ. ಬೇಲೂರಿನ ಶಾಸನಗಳು ರೈಸ್ ಅವರ ಹಳೆಯ ಸಂಪುಟಗಳಲ್ಲಿ 5ರಲ್ಲಿವೆ. ಅದು ಹಾಸನ ಜಿಲ್ಲೆಯ ಸಂಪುಟ, 1902ರದ್ದು. ಮೈಸೂರು ವಿಶ್ವವಿದ್ಯಾನಿಲಯ 1970ರ ದಶಕದಿಂದ ತಂದ ಪರಿಷ್ಕೃತ ಸಂಪುಟಗಳಲ್ಲಿ ಬೇಲೂರು 9ಕ್ಕೆ ಬಂತು. ಹಳೆಯ 9 ಬೆಂಗಳೂರು ಜಿಲ್ಲೆಯದು, ಹೊಸ 5 ಮೈಸೂರು ಕಡೆಯ ತಾಲ್ಲೂಕುಗಳದು. ಹೀಗಿರುವಾಗ ‘ಎ.ಕ. 5’ ಎಂದಷ್ಟೇ ಬರೆದರೆ ಓದುವವರು ಯಾವುದನ್ನು ತೆರೆಯಬೇಕು? ಎಡಿಷನ್ ಫೀಲ್ಡ್ ಕಡ್ಡಾಯವಲ್ಲ. ಹಾಗಾಗಿ ಜಾಬ್‌ರೆಫ್ ಆಗಲಿ, ಬೈಬರ್ ಆಗಲಿ ಅದು ಖಾಲಿ ಇದ್ದರೆ ಚಕಾರ ಎತ್ತುವುದಿಲ್ಲ. ನಾನು ಮುಖ್ಯ ಪಟ್ಟಿಗೆ ಎಡಿಷನ್ ಕಾಲಂ ಸೇರಿಸಿ ಅದರ ಮೇಲೆ ವಿಂಗಡಿಸಿದೆ. ಖಾಲಿ ಇರುವವು ಒಂದೇ ಕಡೆ ಗುಂಪಾದವು. ಪ್ರತಿಯೊಂದರಲ್ಲೂ ಸಂಪುಟ ಸಂಖ್ಯೆ, ಇಸವಿ, ಊರು ಮೂರನ್ನೂ ತಾಳೆ ನೋಡಿ ‘ಹಳೆಯದು’, ‘ಪರಿಷ್ಕೃತ’ ಎಂದು ತುಂಬುತ್ತಿದ್ದೇನೆ. ಸಂಪುಟ 2ರಲ್ಲಿ ಇನ್ನೂ ಹುಷಾರಾಗಿರಬೇಕು. ಶ್ರವಣಬೆಳಗೊಳದ ಈ ಸಂಪುಟಕ್ಕೆ ರೈಸ್ ಅವರದು, 1923ರಲ್ಲಿ ಆರ್. ನರಸಿಂಹಾಚಾರ್ ಪರಿಷ್ಕರಿಸಿದ್ದು, ವಿಶ್ವವಿದ್ಯಾನಿಲಯದ್ದು ಎಂದು ಮೂರು ಆವೃತ್ತಿಗಳಿವೆ.

ಪ್ರಕಾಶಕರ ಹೆಸರಿನಲ್ಲಿ ‘ವಿಶ್ವವಿದ್ಯಾಲಯ’, ‘ವಿಶ್ವವಿದ್ಯಾನಿಲಯ’ ಎರಡೂ ಇದ್ದವು, ಸ್ಟ್ರಿಂಗ್ (ಒಮ್ಮೆ ಬರೆದು ಎಲ್ಲ ಕಡೆ ಬಳಸುವ ಸಂಕ್ಷೇಪ) ಮಾಡಿ ಒಂದಕ್ಕೆ ತಂದೆ. ಕಣ್ಣಿಗೆ ಒಂದೇ ಥರ ಕಾಣುವ ಕೆಲವು ಹೆಸರುಗಳು ಆಗಲೂ ಬೇರೆ ಬೇರೆಯಾಗಿಯೇ ಉಳಿದವು. ಒಳಗೆ ಕಾಣದ ಜೋಡಕ ಅಕ್ಷರ ಅಡಗಿತ್ತು.

ಬಾಕಿ ಇರುವುದು ಪತ್ರಿಕೆಗಳ ಲೇಖನಗಳು. ವರ್ಡ್ ಫೈಲ್‌ಗಳಲ್ಲಿ ‘ಸಂ. 12, ಸಂ. 3’ ಎಂದಿರುವ ಕಡೆ ಸಂಪುಟ ಯಾವುದು, ಸಂಚಿಕೆ ಯಾವುದು ಎಂದು ಊಹಿಸಬಹುದು. ಒಂದೇ ‘ಸಂ.’ ಇದ್ದರೆ ಕಷ್ಟ. ಅಂಥವಕ್ಕೆಲ್ಲ ‘ನೋಡಬೇಕು’ ಎಂಬ ಕೀವರ್ಡ್ ಹಾಕಿ ಬೇರೆ ಗುಂಪು ಮಾಡಿದ್ದೇನೆ. ಲೈಬ್ರರಿಯಲ್ಲಿ ಬೈಂಡ್ ಮಾಡಿಸಿದ ಸಂಪುಟಗಳನ್ನು ತೆರೆದೇ ನೋಡಬೇಕು. ಬೈಂಡ್ ಮಾಡುವಾಗ ಸಂಚಿಕೆಗಳ ಹೊರಪುಟ ಕಿತ್ತುಹಾಕಿದ್ದರೆ ಪುಟಸಂಖ್ಯೆಯೊಂದೇ ಗತಿ.