ಹೊತ್ತಿಕೊಳ್ಳದ ಪೆಲೆಟ್ ಗ್ರಿಲ್ಲು: ಇಗ್ನೈಟರ್ ಬದಲಿಸುವ ಮೊದಲು

ಮರದ ಪುಡಿಯನ್ನು ಒತ್ತಿ ಮಾಡಿದ ಪೆಲೆಟ್ ಎಂಬ ತುಂಡುಗಳನ್ನು ಉರಿಸುವ ಅಡುಗೆಯ ಗ್ರಿಲ್ಲು ಹೊತ್ತಿಕೊಳ್ಳದಿದ್ದರೆ ಎಲ್ಲರ ಬೆರಳೂ ಮೊದಲು ಇಗ್ನೈಟರಿನ, ಅಂದರೆ ಬೆಂಕಿ ಹೊತ್ತಿಸುವ ವಿದ್ಯುತ್ ಕಡ್ಡಿಯ, ಕಡೆಗೇ ಹೋಗುತ್ತದೆ. ಅಮೆರಿಕದಿಂದ ಸಾಮಾನಿನ ಜೊತೆ ಅಂಥದ್ದೊಂದನ್ನು ಬೆಂಗಳೂರಿಗೆ ತಂದವರು ಇಗ್ನೈಟರನ್ನು ಕೊನೆಗೆ ಶಂಕಿಸಬೇಕು ಎಂಬುದು ನನ್ನ ಅಭಿಪ್ರಾಯ. ಜಯನಗರದಲ್ಲಿರುವ ನಮ್ಮ ಭಾವನವರ ಗ್ರಿಲ್ಲನ್ನು ಬಿಚ್ಚಿ ನೋಡಿದ ಮೇಲೆ ಈ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿದೆ.

ಈ ಯಂತ್ರದ ಕೆಲಸ ಸರಳವಾದದ್ದು. ಹಾಪರ್ ಎಂಬ ಡಬ್ಬದಲ್ಲಿ ತುಂಬಿದ ಪೆಲೆಟ್ಟುಗಳನ್ನು ಆಗರ್ ಎಂಬ ಉದ್ದನೆಯ ಸ್ಕ್ರೂ ಸ್ವಲ್ಪಸ್ವಲ್ಪವಾಗಿ ಫೈರ್‌ಪಾಟ್ ಎಂಬ ಪುಟ್ಟ ಬಟ್ಟಲಿಗೆ ತಳ್ಳುತ್ತದೆ. ಅಲ್ಲಿ ಇಗ್ನೈಟರಿನ ಕಡ್ಡಿ ಕೆಂಪಗೆ ಕಾಯುತ್ತದೆ, ಫ್ಯಾನ್ ಗಾಳಿ ಊದುತ್ತದೆ, ಕೆಲವು ನಿಮಿಷಗಳ ನಂತರ ಕಂಟ್ರೋಲರ್ ಇಗ್ನೈಟರನ್ನು ಆರಿಸಿ, ಬೆಂಕಿ ತಾನಾಗಿಯೇ ಉರಿದುಕೊಂಡು ಹೋಗಲಿ ಎಂದು ಬಿಟ್ಟುಬಿಡುತ್ತದೆ. ಸೌದೆ, ಗಾಳಿ, ಶಾಖ ಈ ಮೂರೂ ಆ ಕೆಲವೇ ನಿಮಿಷಗಳಲ್ಲಿ ಕೂಡಿಬರಬೇಕು.

ಮಳೆಗಾಲ ಮುಗಿದ ಮೇಲೆ ತಾರಸಿಯಲ್ಲಿ ಟಾರ್ಪಾಲಿನ್ ತೆಗೆದು ಸ್ವಿಚ್ ಹಾಕಿದಾಗ ಡಿಸ್‌ಪ್ಲೇ ಬೆಳಗಿತು, ಫ್ಯಾನ್ ತಿರುಗಿತು, ಬೆಂಕಿ ಮಾತ್ರ ಬರಲಿಲ್ಲ. "ಇಗ್ನೈಟರ್ ಸುಟ್ಟು ಹೋಗಿದೆ, ಹೊಸದು ತರಿಸಿಬಿಡ್ತೀನಿ" ಎಂದರು ಭಾವ. "ಭಾವ, ಮೊದಲು ಪ್ಲಗ್ ಕೀಳಿ, ಬಟ್ಟಲಿನಲ್ಲಿ ಏನಿದೆ ನೋಡೋಣ" ಎಂದೆ. ಜಾಲರಿ, ಜಿಡ್ಡಿನ ತಟ್ಟೆ, ಅದರ ಕೆಳಗಿನ ಶಾಖದ ತಗಡು ಇವನ್ನೆಲ್ಲ ಎತ್ತಿಟ್ಟರೆ ಫೈರ್‌ಪಾಟ್ ಕಾಣುತ್ತದೆ, ದೋಷ ಯಾವ ಕಡೆಗಿದೆ ಎಂಬುದನ್ನು ಅದೇ ಹೇಳುತ್ತದೆ. ಬಟ್ಟಲು ಖಾಲಿ ಇದ್ದರೆ ಹಾಪರಿನಲ್ಲೋ ಆಗರಿನಲ್ಲೋ ತೊಂದರೆ. ಉರಿಯದ ಪೆಲೆಟ್ಟು ತುಂಬಿದ್ದರೆ ಶಾಖದ್ದೋ ಗಾಳಿಯದ್ದೋ ತೊಂದರೆ. ಭಾವನವರ ಬಟ್ಟಲು ತುಂಬಿತ್ತು. ಪೆಲೆಟ್ಟುಗಳನ್ನು ಚಮಚದಲ್ಲಿ ಒಂದೊಂದೇ ಪದರವಾಗಿ ತೆಗೆಯುತ್ತ ಹೋದಂತೆ, ಮೇಲಿನವೆಲ್ಲ ಹೊಸದರಂತೆ ಇದ್ದು, ಕಡ್ಡಿಗೆ ತಾಗಿಕೊಂಡಿದ್ದ ಕೆಲವು ಮಾತ್ರ ಒಂದು ಬದಿಗೆ ಕಪ್ಪಗೆ ಸೀದಿದ್ದವು. ಕಡ್ಡಿ ಸತ್ತಿದ್ದರೆ ಅವು ಸೀಯುತ್ತಿರಲಿಲ್ಲ. ಅದು ಕಾಯುತ್ತಿತ್ತು, ಆದರೆ ಸಾಲುವಷ್ಟು ಕಾಯುತ್ತಿರಲಿಲ್ಲ.

ಆ ಗ್ರಿಲ್ಲು 120 ವೋಲ್ಟ್, 60 ಹರ್ಟ್ಸಿಗೆ ಮಾಡಿದ್ದು. ಇಲ್ಲಿ ಅದು ನಡೆಯುವುದು 230 ವೋಲ್ಟನ್ನು 110ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನ ಮೇಲೆ. ಕಾಯುವ ಕಡ್ಡಿಯ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 120ರ ಬದಲು 110 ಕೊಟ್ಟಾಗಲೇ ಅದು ಶೇಕಡಾ 84ಕ್ಕೆ ಇಳಿದಿರುತ್ತದೆ. ಸಂಜೆ ಎಲ್ಲರ ಮನೆಯ ದೀಪ, ಗೀಸರುಗಳು ಹತ್ತಿ ಗೋಡೆಯ ಪ್ಲಗ್ಗಿನಲ್ಲಿ 200 ವೋಲ್ಟ್ ಮಾತ್ರ ಉಳಿದರೆ ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿ ಸಿಗುವುದು ಹೆಚ್ಚುಕಡಿಮೆ 96 ವೋಲ್ಟ್. ಆಗ 200 ವಾಟಿನ ಇಗ್ನೈಟರು ಸುಮಾರು 127 ವಾಟಿನಷ್ಟೇ ಕಾಯುತ್ತದೆ. ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಗ್ರಿಲ್ಲು ಚಾಲೂ ಇರುವಾಗಲೇ ಮಲ್ಟಿಮೀಟರಿನಲ್ಲಿ ವೋಲ್ಟೇಜನ್ನು ಅಳತೆ ಮಾಡಿಸಿದೆವು, ಕಂಡದ್ದೂ ಇದೇ. ಪ್ಲಗ್ ಕಿತ್ತು ಅಳೆದಾಗ ಇಗ್ನೈಟರಿನ ರೋಧ ಮಾತ್ರ ಸರಿಯಾಗಿಯೇ ಇತ್ತು: 120 ವೋಲ್ಟಿನ 200 ವಾಟ್ ಕಡ್ಡಿಗೆ 72 ಓಮ್ ಆಸುಪಾಸು ಬರಬೇಕು, 300 ವಾಟಿನದಕ್ಕೆ 48. ಅಳತೆಗೇ ಸಿಗದಷ್ಟು ರೋಧ ತೋರಿಸಿದರೆ ಮಾತ್ರ ಕಡ್ಡಿ ಒಳಗೆ ತುಂಡಾಗಿದೆ ಎಂದರ್ಥ. 120 ವೋಲ್ಟ್ ಕೊಡುವ, ಒಂದು ಅಳತೆ ದೊಡ್ಡದಾದ ಟ್ರಾನ್ಸ್‌ಫಾರ್ಮರನ್ನು ಸ್ಟೆಬಿಲೈಸರಿನ ನಂತರ ಬರುವಂತೆ ಜೋಡಿಸಿದ ಮೇಲೆ ಕಡ್ಡಿ ಕೆಂಪಗಾಯಿತು.

ಆದರೆ ಇಲ್ಲಿನ ವಿದ್ಯುತ್ತಿನ 50 ಹರ್ಟ್ಸನ್ನು ಯಾವ ಟ್ರಾನ್ಸ್‌ಫಾರ್ಮರೂ 60 ಮಾಡಿಕೊಡುವುದಿಲ್ಲ. ಎಸಿ (ಪರ್ಯಾಯ ವಿದ್ಯುತ್ತಿನ) ಮೋಟರ್ ಇರುವ ಮಾದರಿಗಳಲ್ಲಿ ಆಗರೂ ಫ್ಯಾನೂ ಇಲ್ಲಿ ಸುಮಾರು ಆರನೆಯ ಒಂದು ಭಾಗದಷ್ಟು ನಿಧಾನವಾಗಿ ತಿರುಗುತ್ತವೆ. ಅದರಿಂದ ಬೆಂಕಿ ತಡವಾಗಿ ಹತ್ತಬಹುದು, ಹತ್ತದೇ ಇರಬೇಕಾಗಿಲ್ಲ. ಬೆಂಗಳೂರು 920 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳುವಾದ್ದರಿಂದ ಹೀಗಾಗುತ್ತದೆ ಎಂದು ಪಕ್ಕದ ಮನೆಯವರು ವಾದಿಸಿದರು. 1,600 ಮೀಟರಿನಲ್ಲಿರುವ ಡೆನ್ವರಿನ ಜನ ಇವೇ ಗ್ರಿಲ್ಲುಗಳಲ್ಲಿ ಅಡುಗೆ ಮಾಡುತ್ತಿರುವಾಗ ಆ ವಾದ ನಿಲ್ಲುವುದಿಲ್ಲ.

ಇನ್ನು ಪೆಲೆಟ್ಟಿನ ವಿಚಾರ. ಈ ತುಂಡುಗಳು ನಮ್ಮ ಜುಲೈ, ಆಗಸ್ಟಿನ ಥಂಡಿಯನ್ನು ಹಪ್ಪಳದಂತೆ ಹೀರಿಕೊಳ್ಳುತ್ತವೆ. ಒಣಗಿದ್ದು ಮುರಿದರೆ ಟಕ್ಕೆಂದು ಸದ್ದಾಗುತ್ತದೆ, ಥಂಡಿ ಹಿಡಿದದ್ದು ಸದ್ದಿಲ್ಲದೆ ಪುಡಿಯಾಗುತ್ತದೆ. ಅಂಥದ್ದನ್ನು ಹಾಪರಿನಲ್ಲೇ ಬಿಟ್ಟರೆ ಅದು ಆಗರಿನ ಕೊಳವೆಯಲ್ಲಿ ಉಬ್ಬಿ, ಗಾರೆಯಷ್ಟು ಗಟ್ಟಿಯಾಗಿ, ಸ್ಕ್ರೂ ತಿರುಗದಂತೆ ಮಾಡುತ್ತದೆ. ಆಗ ಮೋಟರ್ ಬಿಚ್ಚಿ ಸ್ಕ್ರೂವನ್ನೇ ಹೊರಗೆಳೆಯಬೇಕು. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಈ ಗೋಳಿಲ್ಲ. ಅಡುಗೆಯ ಪೆಲೆಟ್ಟು ದುಬಾರಿಯೆಂದು ಬಾಯ್ಲರಿಗೆ ಮಾರುವ ಕಡಲೆಸಿಪ್ಪೆ, ಕೃಷಿ ತ್ಯಾಜ್ಯದ ಪೆಲೆಟ್ಟನ್ನು ಹಾಕಲೇಬಾರದು. ಅದು ಊಟದ ಹೊಗೆಗಾಗಿ ಮಾಡಿದ್ದಲ್ಲ, ಅದರ ಬೂದಿಯೂ ಹೆಚ್ಚು. ಬೂದಿ ಬಟ್ಟಲಿನ ತೂತುಗಳನ್ನು ಮುಚ್ಚಿದರೆ ಗಾಳಿ ನಿಲ್ಲುತ್ತದೆ, ಕಡ್ಡಿಯನ್ನು ಮುಚ್ಚಿದರೆ ಶಾಖ ಪೆಲೆಟ್ಟಿಗೆ ತಲುಪುವುದಿಲ್ಲ.

ಒಮ್ಮೆ ಹೊತ್ತದಿದ್ದಾಗ ಹಾಗೆಯೇ ಮತ್ತೆ ಮತ್ತೆ ಸ್ಟಾರ್ಟ್ ಮಾಡುವುದು ಅಪಾಯಕರ. ಪ್ರತಿ ಸಲವೂ ಬಟ್ಟಲಿಗೆ ಇನ್ನಷ್ಟು ಪೆಲೆಟ್ಟು ಬೀಳುತ್ತದೆ, ಒಳಗೆ ದಟ್ಟ ಬಿಳಿ ಹೊಗೆ ತುಂಬುತ್ತದೆ, ಕೊನೆಗೆ ಅದು ಒಟ್ಟಿಗೇ ಹೊತ್ತಿ ಮುಚ್ಚಳ ಹಾರುವಷ್ಟು ಭುಗ್ಗೆನ್ನಬಹುದು. ಬಟ್ಟಲನ್ನು ಖಾಲಿ ಮಾಡಿಯೇ ಮುಂದುವರಿಯಬೇಕು, ತೆಗೆದ ಬೂದಿಯನ್ನು ತಗಡಿನ ಡಬ್ಬಿಗೇ ಹಾಕಬೇಕು.

ದೋಷ ಇಗ್ನೈಟರಿನದ್ದೇ ಎಂದು ಖಚಿತಪಡಿಸಿಕೊಳ್ಳಬೇಕಾದರೆ, ಬಟ್ಟಲಿಗೆ ಒಂದು ಹಿಡಿ ಪೆಲೆಟ್ಟು ಹಾಕಿ ಗ್ಯಾಸ್ ಟಾರ್ಚಿನಿಂದ ಹೊತ್ತಿಸಿ, ಉರಿ ಹಿಡಿದ ಮೇಲೆ ಯಂತ್ರವನ್ನು ಚಾಲೂ ಮಾಡಿ ನೋಡಬಹುದು. ಬೆಂಕಿ ಆರದೆ ಉರಿಯುತ್ತಿದ್ದರೆ ಆಗರ್, ಫ್ಯಾನ್ ಎರಡೂ ನೆಟ್ಟಗಿವೆ. ಭಾವ ದೇವರ ಮನೆಯಿಂದ ಕರ್ಪೂರ ತಂದಿದ್ದರು. ಅದು ಹೊತ್ತಿಕೊಳ್ಳುತ್ತದೆ ನಿಜ, ಮಸಿಯೂ ಅಷ್ಟೇ ಹಿಡಿಯುತ್ತದೆ. ಸೀಮೆಎಣ್ಣೆ, ಪೆಟ್ರೋಲು ಹತ್ತಿರಕ್ಕೂ ಬರಕೂಡದು.

ಸ್ವಿಚ್ ಹಾಕಿದೊಡನೆ ಮನೆಯ ಆರ್‌ಸಿಸಿಬಿ (ವಿದ್ಯುತ್ತು ಸೋರಿದರೆ ತಾನಾಗಿ ಆರುವ ಸುರಕ್ಷತಾ ಸ್ವಿಚ್) ಬೀಳುತ್ತಿದ್ದರೆ ಕಥೆ ಬೇರೆ: ಕಡ್ಡಿಯೊಳಗಿನ ನಿರೋಧಕ ಪುಡಿ ತೇವ ಹೀರಿ ವಿದ್ಯುತ್ತು ಸೋರುತ್ತಿರಬಹುದು. ಆಗ ಹೊಸ ಇಗ್ನೈಟರೇ ಬೇಕು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಕಾರ್ಟ್ರಿಜ್ ಹೀಟರ್ (ಇಂಥದ್ದೇ ಕಾಯುವ ಕಡ್ಡಿ) ಮಾಡಿಸುವುದಾದರೆ ಉದ್ದ, ದಪ್ಪ, ವಾಟ್ ಇವುಗಳ ಜೊತೆಗೆ ಕಂಟ್ರೋಲರಿನಿಂದ ಬರುವ ವೋಲ್ಟೇಜನ್ನೂ ಬರೆದುಕೊಡಬೇಕು, ಇಲ್ಲವಾದರೆ ಅವರು ವಾಡಿಕೆಯಂತೆ 230ರದ್ದನ್ನೇ ಕಟ್ಟಿಕೊಡುತ್ತಾರೆ, ಅದು 120ರ ಮೇಲೆ ಕಾಲುಭಾಗದಷ್ಟೇ ಕಾಯುತ್ತದೆ.