ಕರೆಂಟು ಹೋದರೆ ಮರೆತುಬಿಡುವ ಚಿಪ್

ಏಪ್ರಿಲ್ ಮುಗಿಯುತ್ತಿದ್ದಂತೆ ಶಿವಮೊಗ್ಗದಲ್ಲಿ ಅಡ್ಡಮಳೆ ಶುರು. ಗುಡುಗಿದರೆ ಕರೆಂಟು ಹೋಯಿತೆಂದೇ ಲೆಕ್ಕ. ಗೆಳೆಯರ ಮೈಕ್ರೋಕಂಟ್ರೋಲರುಗಳು, ಅಂದರೆ ಪುಟ್ಟ ಕಂಪ್ಯೂಟರ್ ಚಿಪ್ಪುಗಳು, ಕರೆಂಟು ಬಂದೊಡನೆ ತಮ್ಮ ಪ್ರೋಗ್ರಾಮನ್ನು ಮೊದಲಿನಿಂದ ಶುರುಮಾಡಿ ಎದ್ದು ಕೂರುತ್ತಿದ್ದವು. ಒಳಗಿನ ಮಂಡಲವನ್ನೇ ನಾವು ಬೇಕಾದಂತೆ ಜೋಡಿಸಬಹುದಾದ ನನ್ನ ಎಫ್‌ಪಿಜಿಎ ಚಿಪ್ಪು ಮಾತ್ರ ತಾನು ಏನಾಗಿದ್ದೆ ಎಂಬುದನ್ನೇ ಮರೆತಿರುತ್ತಿತ್ತು. ಕೇಬಲ್ಲಿನಿಂದ ತುಂಬಿಸಿದ ವಿನ್ಯಾಸ ಅದರಲ್ಲಿ ಉಳಿಯುವುದು ವಿದ್ಯುತ್ ಇರುವಷ್ಟು ಹೊತ್ತು ಮಾತ್ರ.

ನನ್ನ ಪ್ರಾಜೆಕ್ಟು ಚಿತ್ರದ ಅಂಚುಗಳನ್ನು ಹುಡುಕುವುದು. ಸಿ ಭಾಷೆಯ ಚಾಳಿಯಲ್ಲೇ ಒಂದಾದ ಮೇಲೊಂದು ಪಿಕ್ಸೆಲ್ ಎಣಿಸುವಂತೆ ವೆರಿಲಾಗ್‌ನಲ್ಲಿ (ಚಿಪ್ಪಿನ ಮಂಡಲವನ್ನು ವಿವರಿಸುವ ಭಾಷೆ) ಬರೆದು ಸರ್‌ಗೆ ತೋರಿಸಿದೆ. ಸಾಗರದ ಕಡೆಯವರು ಅವರು. "ನಿಮ್ಮ ಮನೆಯಲ್ಲಿ ಅಡಿಕೆ ಸುಲಿಯಲು ಒಬ್ಬರೇ ಕೂರುತ್ತಾರೇನಪ್ಪಾ?" ಎಂದರು. ಹನ್ನೆರಡು ಮಂದಿ ಮೆಟ್ಟುಗತ್ತಿ ಹಿಡಿದು ಕೂರುತ್ತಾರೆ. ಅತ್ತ ನಿನ್ನೆಯ ಅಡಿಕೆ ಹಂಡೆಯಲ್ಲಿ ಬೇಯುತ್ತದೆ, ಮೊನ್ನೆಯದು ಅಂಗಳದಲ್ಲಿ ಒಣಗುತ್ತದೆ. ಒಟ್ಟೊಟ್ಟಿಗೆ ನಡೆಯುವ ಸಮಾಂತರ ಕೆಲಸವೂ, ಹಂತಗಳೆಲ್ಲ ಏಕಕಾಲಕ್ಕೆ ಸಾಗುವ ಪೈಪ್‌ಲೈನೂ ನನಗೆ ಅರ್ಥವಾದದ್ದು ಹಾಗೆ.

ಕಂಪ್ಯೂಟರ್ ಮುಚ್ಚಿಸಿ ಪೆನ್ಸಿಲ್ ಕೊಟ್ಟರು. ಅಂಚು ಹುಡುಕುವ ಸೋಬೆಲ್ ಎಂಬ ಲೆಕ್ಕಕ್ಕೆ ಮೂರು ಸಾಲಿನ ಪಿಕ್ಸೆಲ್‌ಗಳು ಒಟ್ಟಿಗೆ ಬೇಕು. ಹಿಂದಿನ ಎರಡು ಸಾಲನ್ನು ಹಿಡಿದಿಟ್ಟರೆ ಮೂರನೆಯದು ತಾನೇ ಬರುತ್ತಿರುತ್ತದೆ. ಈ ಲೆಕ್ಕದಲ್ಲಿ ಎರಡರಿಂದ ಗುಣಿಸಲು ಗುಣಿಸುವ ಮಂಡಲವೇ ಬೇಡ, ಬೈನರಿ ಅಂಕಿಗಳ ತಂತಿಗಳನ್ನು ಒಂದು ಮನೆ ಪಕ್ಕಕ್ಕೆ ಜೋಡಿಸಿದರಾಯಿತು. ಈ ಪುಕ್ಕಟೆ ಗುಣಾಕಾರ ಕಂಡು ನನಗಾದ ಖುಷಿ ಪದವಿಪತ್ರ ಸಿಕ್ಕಾಗಲೂ ಆಗಲಿಲ್ಲ.

ಆದರೂ ಮಾನಿಟರಿನಲ್ಲಿ ನಮ್ಮ ತೋಟದ ಅಡಿಕೆ ಮರಗಳೆಲ್ಲ ಓರೆಯಾಗಿ ಮಲಗಿದವು. ಎರಡು ರಾತ್ರಿ ಸಂಕಲನದ ಮಂಡಲವನ್ನೇ ಸಂಶಯಿಸಿದೆ. ತಪ್ಪು ಇದ್ದದ್ದು ಒಂದು ಅಡ್ಡಸಾಲಿನ 640 ಪಿಕ್ಸೆಲ್‌ಗಳನ್ನು ಸೊನ್ನೆಯಿಂದ ಎಣಿಸುವ ಕೌಂಟರಿನಲ್ಲಿ: 639ಕ್ಕೆ ಸೊನ್ನೆಗೆ ಮರಳಬೇಕಾದಲ್ಲಿ 640 ಎಂದು ಬರೆದಿದ್ದೆ. ಸಾಲಿಗೊಂದು ಪಿಕ್ಸೆಲ್ ಜಾರಿ, 480 ಸಾಲು ಮುಗಿಯುವಷ್ಟರಲ್ಲಿ ಮರ ನಲವತ್ತೈದು ಡಿಗ್ರಿ ವಾಲಿತ್ತು.

ಮೌಖಿಕ ಪರೀಕ್ಷೆಯ ದಿನ ಪುಣ್ಯಕ್ಕೆ ಮಳೆ ಬರಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಗೆರೆಗಳ ತೋಟ ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಯಿತು, 27 ಸೆಕೆಂಡು. "ಇಷ್ಟು ವೇಗದ ಚಿಪ್ಪಿಗೆ ಇಷ್ಟು ಹೊತ್ತೇ?" ಎಂದರು ಹೊರಗಿನಿಂದ ಬಂದ ಪರೀಕ್ಷಕರು. 50 ಮೆಗಾಹರ್ಟ್ಸ್‌ನಲ್ಲಿ 3,07,200 ಪಿಕ್ಸೆಲ್‌ಗಳ ಲೆಕ್ಕಕ್ಕೆ ಸುಮಾರು 6 ಮಿಲಿಸೆಕೆಂಡು ಸಾಕು, ಉಳಿದದ್ದೆಲ್ಲ ಚಿತ್ರ ಸಾಗಿಸುವ ಸೀರಿಯಲ್ ಕೇಬಲ್ಲಿನದು ಎಂದು ತೊದಲಿದೆ.

ಹಿಂದಿನ ಬೆಂಚಿನಿಂದ ಸರ್ ಹೇಳಿದರು: "ಸುಲಿಯುವವರು ಹನ್ನೆರಡು ಮಂದಿ ಸಾರ್, ಗೊನೆ ಹೊರುವವನು ಒಬ್ಬನೇ."